ನಾಲ್ಕು ಜನರ ಎದುರು ವ್ಯಾಯಾಮ: ಹೊಸಬರು ಮೈಚಳಿ ಬಿಡಲು ಸಮಗ್ರ ಮಾರ್ಗದರ್ಶಿ

ವ್ಯಾಯಾಮ ಶುರು ಮಾಡಬೇಕೆಂದು ವರ್ಷಗಟ್ಟಲೆ ಅಂದುಕೊಳ್ಳುತ್ತಲೇ ಇರುವವರನ್ನು ಕೇಳಿದರೆ ಮೊದಲು ಸಿಗುವ ಉತ್ತರ ಸಮಯವಿಲ್ಲ ಎಂಬುದು. ಮಾತು ಸ್ವಲ್ಪ ಮುಂದುವರಿದರೆ ಬೇರೆಯೇ ಕಾರಣ ಹೊರಬೀಳುತ್ತದೆ: ಜಿಮ್ಮಿನಲ್ಲಿರುವವರೆಲ್ಲ ಪಳಗಿದವರು, ಅಲ್ಲಿ ನಾನೊಬ್ಬನೇ ಪೆದ್ದನಂತೆ ಕಾಣುತ್ತೇನೆ, ಎರಡು ನಿಮಿಷ ಓಡಿದರೆ ಏದುಸಿರು ಬರುತ್ತದೆ, ನೋಡಿದವರು ಏನಂದುಕೊಳ್ಳುತ್ತಾರೋ, ಈ ಮೈ ಹೊತ್ತುಕೊಂಡು ಆ ಬಟ್ಟೆಯಲ್ಲಿ ಹೊರಗೆ ಹೇಗೆ ಹೋಗಲಿ. ಇದು ಯಾರೋ ಒಬ್ಬಿಬ್ಬರ ದೌರ್ಬಲ್ಯವಲ್ಲ. ತಮ್ಮ ಮೈಕಟ್ಟನ್ನು ಇತರರು ಅಳೆಯುತ್ತಾರೆಂಬ ಆತಂಕವನ್ನು ಅಳೆಯಲು ಹಾರ್ಟ್, ಲಿಯರಿ ಮತ್ತು ರೆಜೆಸ್ಕಿ ಎಂಬ ಸಂಶೋಧಕರು 1989ರಲ್ಲೇ ಒಂದು ಪ್ರಶ್ನಾವಳಿ ರೂಪಿಸಿದ್ದರು. ಇಂಗ್ಲೆಂಡಿನಲ್ಲಿ ಕ್ರೀಡೆಗೆ ಉತ್ತೇಜನ ಕೊಡುವ ಸ್ಪೋರ್ಟ್ ಇಂಗ್ಲೆಂಡ್ ಸಂಸ್ಥೆ 2015ರಲ್ಲಿ ‘ದಿಸ್ ಗರ್ಲ್ ಕ್ಯಾನ್’ ಎಂಬ ದೊಡ್ಡ ಪ್ರಚಾರ ಆರಂಭಿಸಿದ್ದು ಇದೇ ಅಳುಕನ್ನು ಎದುರಿಟ್ಟುಕೊಂಡು. ಇತರರು ಏನೆಂದು ತೀರ್ಪು ಕೊಡುತ್ತಾರೋ ಎಂಬ ಭಯ ಮಹಿಳೆಯರನ್ನು ಆಟ, ವ್ಯಾಯಾಮಗಳಿಂದ ದೂರ ಇಡುತ್ತಿದೆ ಎಂಬುದು ಆ ಸಂಸ್ಥೆ ಕಂಡುಕೊಂಡ ಸಂಗತಿಯಾಗಿತ್ತು.

ಈ ಅಳುಕು ಪೂರ್ತಿ ಹೋದ ಮೇಲೆ ಶುರು ಮಾಡೋಣ ಎಂದು ಕಾಯುವವರು ಕಾಯುತ್ತಲೇ ಉಳಿಯುತ್ತಾರೆ, ಏಕೆಂದರೆ ಅದು ಹೋಗುವುದು ಅಲ್ಲಿ ಹೋಗಿ ಒಂದಷ್ಟು ಹೊತ್ತು ನಿಂತ ಮೇಲೆಯೇ. ಹಾಗೆಂದು ಧೈರ್ಯ ಮಾಡಿ ಒಂದೇ ಸಲಕ್ಕೆ ಧುಮುಕಬೇಕಾಗಿಯೂ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು, ಮತ್ತು ಹೋದಾಗ ಗಮನವನ್ನು ತನ್ನ ಮೇಲಿಂದ ತೆಗೆದು ಕೆಲಸದ ಮೇಲೆ ಇಡಲು ಕಲಿಯುವುದು: ಇವೆರಡೇ ಈ ಮಾರ್ಗದರ್ಶಿಯ ತಿರುಳು. ಎರಡರಲ್ಲಿ ಹೆಚ್ಚು ಮುಖ್ಯವಾದದ್ದು ಎರಡನೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಳುಕಿನ ಬೇರು ಎಲ್ಲಿದೆ

ಎಲ್ಲರ ಕಣ್ಣೂ ನನ್ನ ಮೇಲೇ ಇದೆ ಎಂಬ ಅನಿಸಿಕೆಯನ್ನು ಮೊದಲು ಪರೀಕ್ಷಿಸೋಣ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಹಾಕಿಕೊಳ್ಳಲು ನಾಚಿಕೆಯಾಗುವಂಥ ಚಿತ್ರವಿದ್ದ ಟೀ-ಶರ್ಟನ್ನು ವಿದ್ಯಾರ್ಥಿಗಳಿಗೆ ತೊಡಿಸಿ, ಇತರ ವಿದ್ಯಾರ್ಥಿಗಳು ಕುಳಿತಿದ್ದ ಕೋಣೆಯೊಳಕ್ಕೆ ಒಬ್ಬೊಬ್ಬರನ್ನಾಗಿ ಕಳಿಸಲಾಯಿತು. ಸುಮಾರು ಅರ್ಧದಷ್ಟು ಜನ ತಮ್ಮ ಟೀ-ಶರ್ಟನ್ನು ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದ್ದವರು ಹೆಚ್ಚುಕಡಿಮೆ ಕಾಲು ಭಾಗದಷ್ಟು ಜನ. ಯಾರೂ ನೋಡುವುದೇ ಇಲ್ಲ ಎಂದು ಈ ಪ್ರಯೋಗ ಹೇಳುವುದಿಲ್ಲ, ಹಾಗೆ ಹೇಳಿ ಸಮಾಧಾನ ಮಾಡುವುದು ಸರಿಯೂ ಅಲ್ಲ. ನೋಡುವವರು ನಾವು ಎಣಿಸಿದ್ದಕ್ಕಿಂತ ಕಡಿಮೆ. ನೋಡಿದವರ ಪೈಕಿಯೂ ಹೆಚ್ಚಿನವರು ತಮ್ಮ ಸೆಟ್ (ನಿಲ್ಲಿಸದೆ ಮಾಡುವ ವ್ಯಾಯಾಮದ ಒಂದು ಸರದಿ) ಎಣಿಸುವುದರಲ್ಲೋ, ತಮ್ಮ ಉಸಿರು ಸಂಭಾಳಿಸುವುದರಲ್ಲೋ ಮುಳುಗಿರುತ್ತಾರೆ.

ಎರಡನೆಯ ಬೇರು ದೇಹದಲ್ಲೇ ಇದೆ, ಇದರ ಬಗ್ಗೆ ಮಾತಾಡುವವರು ಕಡಿಮೆ. ಗಾಬರಿಯಾದಾಗ ಎದೆ ಡವಗುಟ್ಟುತ್ತದೆ, ಉಸಿರಾಟದ ವೇಗ ಏರುತ್ತದೆ, ಅಂಗೈ ಬೆವರುತ್ತದೆ, ಮುಖ ಬಿಸಿಯಾಗುತ್ತದೆ. ವ್ಯಾಯಾಮ ಮಾಡಿದಾಗಲೂ ಇವೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ, ಆದರೆ ಕಾರಣ ಬೇರೆ: ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕಾದ್ದರಿಂದ ಹೃದಯವೂ ಶ್ವಾಸವೂ ವೇಗ ಪಡೆಯುತ್ತವೆ, ಒಳಗೆ ಹುಟ್ಟಿದ ಶಾಖವನ್ನು ಹೊರಹಾಕಲು ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಆರುತ್ತಾ ಮೈಯನ್ನು ತಂಪಾಗಿಸುತ್ತದೆ. ಮೊದಲೇ ಅಳುಕುತ್ತಿರುವ ಮನಸ್ಸು ಈ ಲಕ್ಷಣಗಳನ್ನು ಕಂಡು ‘ನಾನು ಗಾಬರಿಯಾಗಿದ್ದೇನೆ, ಅದು ಎಲ್ಲರಿಗೂ ಕಾಣುತ್ತಿದೆ’ ಎಂದು ಓದಿಕೊಳ್ಳುತ್ತದೆ, ಆ ಓದು ಗಾಬರಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಟ್ರೆಡ್‌ಮಿಲ್ ಮೇಲೆ ಮೂರನೆಯ ನಿಮಿಷಕ್ಕೆ ಇಳಿದು ಓಡಿಹೋಗಬೇಕು ಎನಿಸಿದರೆ, ಅದರಲ್ಲಿ ಒಂದು ಪಾಲು ಬರಿಯ ದೇಹಶ್ರಮ ಎಂಬುದು ನೆನಪಿರಲಿ.

ಮೂರನೆಯದು, ಹೊಸಬರು ಜನರೆದುರು ತಡವರಿಸುವುದು ನಿಜ. ಇತರರ ಸಮ್ಮುಖದಲ್ಲಿ ಚೆನ್ನಾಗಿ ರೂಢಿಯಾದ ಕೆಲಸ ಇನ್ನೂ ಸಲೀಸಾಗುತ್ತದೆ, ಹೊಸದಾಗಿ ಕಲಿಯುತ್ತಿರುವ ಕೆಲಸ ಕೆಡುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಯೋಂಕ್ 1965ರಲ್ಲಿ ವಾದಿಸಿದ್ದರು. ಹಾಗಾಗಿ ಮನೆಯಲ್ಲಿ ಸರಿಯಾಗಿ ಬಂದ ಸ್ಕ್ವಾಟ್ (ಕುಕ್ಕರಿಸಿ ಏಳುವ ವ್ಯಾಯಾಮ) ಜಿಮ್ಮಿನಲ್ಲಿ ಎಡವಟ್ಟಾದರೆ ನೊಂದುಕೊಳ್ಳಬೇಕಿಲ್ಲ, ಅದು ಇನ್ನೂ ರೂಢಿಯ ಹಂತಕ್ಕೆ ಬಂದಿಲ್ಲ ಅಷ್ಟೇ.

ಮೊದಲ ಹೆಜ್ಜೆ: ಅಳುಕನ್ನು ಬರೆದು ಮೆಟ್ಟಿಲು ಕಟ್ಟಿ

‘ನನಗೆ ನಾಚಿಕೆ’ ಎಂದು ಒಟ್ಟಾಗಿ ಹೇಳಿದರೆ ಪರಿಹಾರ ಸಿಗುವುದಿಲ್ಲ. ಕಾಗದದ ಮೇಲೆ ನಿಖರವಾಗಿ ಬರೆಯಿರಿ. ಮೈ ಕಾಣುವುದರ ಬಗ್ಗೆ ಅಳುಕೇ, ದಮ್ಮು ಸಾಲದಿರುವುದರ ಬಗ್ಗೆಯೇ, ಉಪಕರಣ ಬಳಸಲು ಬಾರದಿರುವುದರ ಬಗ್ಗೆಯೇ, ಅಥವಾ ಪರಿಚಿತರು ಎದುರಾಗುವ ಬಗ್ಗೆಯೇ? ಮೊದಲನೆಯದಕ್ಕೆ ಬಟ್ಟೆಯ ಆಯ್ಕೆ ಮತ್ತು ಕಾಲ ಬೇಕು, ಎರಡನೆಯದಕ್ಕೆ ವೇಗ ತಗ್ಗಿಸುವುದು ಬೇಕು, ಮೂರನೆಯದಕ್ಕೆ ಬರೀ ಮಾಹಿತಿ ಸಾಕು. ನಾಲ್ಕನೆಯದಕ್ಕೆ ಎದುರಾದಾಗ ಹೇಳಲು ಒಂದು ಸಿದ್ಧ ವಾಕ್ಯವಿದ್ದರೆ ಬಹಳಷ್ಟು ಭಾರ ಇಳಿಯುತ್ತದೆ: ‘ಹೌದು, ಈಗಷ್ಟೇ ಶುರು ಮಾಡಿದ್ದೇನೆ.’ ಇದಕ್ಕೆ ವಿವರಣೆಯ ಬಾಲ ಅಂಟಿಸಬೇಡಿ.

ಆಮೇಲೆ ಅಳುಕು ತರುವ ಸನ್ನಿವೇಶಗಳಿಗೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡಿ. ಸೊನ್ನೆ ಎಂದರೆ ಪೂರ್ತಿ ನಿರಾಳ, ನೂರು ಎಂದರೆ ಊಹಿಸಿದರೂ ಹೊಟ್ಟೆ ತೊಳಸುವಂಥದ್ದು. ಭಯದ ಚಿಕಿತ್ಸೆಯಲ್ಲಿ ಜೋಸೆಫ್ ವೋಲ್ಪೆ ಎಂಬ ಮನೋವೈದ್ಯರು 1950ರ ದಶಕದಲ್ಲಿ ರೂಪಿಸಿದ ಮೆಟ್ಟಿಲುಗಳ ಕ್ರಮ ಇಂದಿಗೂ ಬಳಕೆಯಲ್ಲಿದೆ. ಉದಾಹರಣೆಗೆ ಒಬ್ಬರ ಪಟ್ಟಿಯಲ್ಲಿ ವ್ಯಾಯಾಮದ ಬಟ್ಟೆ ತೊಟ್ಟು ಬೀದಿಯಲ್ಲಿ ಹತ್ತು ನಿಮಿಷ ನಡೆಯುವುದಕ್ಕೆ 20, ಜನ ಕಡಿಮೆ ಇರುವ ಹೊತ್ತಿನಲ್ಲಿ ಪಾರ್ಕಿನಲ್ಲಿ ಬಿರುಸಾಗಿ ನಡೆಯುವುದಕ್ಕೆ 30, ಅಲ್ಲೇ ಒಂದೊಂದು ನಿಮಿಷ ಜಾಗಿಂಗ್ ಮಾಡುವುದಕ್ಕೆ 45, ಜಿಮ್ಮಿಗೆ ಹೋಗಿ ಸೈಕಲ್ ಯಂತ್ರ ತುಳಿಯುವುದಕ್ಕೆ 55, ಡಂಬೆಲ್ ಇಟ್ಟಿರುವ ಕಡೆಗೆ ಹೋಗುವುದಕ್ಕೆ 75, ಗುಂಪು ತರಗತಿಗೆ ಸೇರುವುದಕ್ಕೆ 90 ಇರಬಹುದು. ಇನ್ನೊಬ್ಬರಿಗೆ ಗುಂಪು ತರಗತಿಯೇ ಸುಲಭ, ಬಯಲಿನಲ್ಲಿ ಒಬ್ಬರೇ ಓಡುವುದೇ ಕಷ್ಟ. ನಿಮ್ಮ ಪಟ್ಟಿ ನಿಮ್ಮದೇ ಆಗಿರಲಿ. ಶುರು ಮಾಡುವುದು 30ರ ಆಸುಪಾಸಿನಿಂದ. ಆ ಮೆಟ್ಟಿಲನ್ನು ಬೇರೆ ಬೇರೆ ದಿನ ಹಲವು ಸಲ ಏರಿ, ಅಂಕ ಅರ್ಧಕ್ಕಿಳಿದ ಮೇಲೆ ಮುಂದಿನದಕ್ಕೆ ಕಾಲಿಡಿ.

ಒಂದು ಎಚ್ಚರಿಕೆ: ಅಳುಕು ತುತ್ತತುದಿಯಲ್ಲಿರುವಾಗಲೇ ಬಿಟ್ಟು ಬಂದರೆ, ತಪ್ಪಿಸಿಕೊಂಡದ್ದರಿಂದಲೇ ಪಾರಾದೆ ಎಂದು ಮನಸ್ಸು ಕಲಿಯುತ್ತದೆ, ಮುಂದಿನ ಸಲ ಅಲ್ಲಿಗೆ ಹೋಗುವುದು ಇನ್ನೂ ಕಷ್ಟವಾಗುತ್ತದೆ. ಬಿಟ್ಟು ಬರಬೇಕೆನಿಸಿದಾಗ ವೇಗ ಕಡಿಮೆ ಮಾಡಿ, ಬೇಕಾದರೆ ಬೆಂಚಿನ ಮೇಲೆ ಕುಳಿತು ನೀರು ಕುಡಿಯಿರಿ, ಆದರೆ ಅಳುಕು ಒಂದಿಷ್ಟು ಇಳಿಯುವ ತನಕ ಆ ಜಾಗದಲ್ಲೇ ಇರಿ.

ಎರಡನೆಯ ಹೆಜ್ಜೆ: ಮನೆಯಲ್ಲೇ ಮುಗಿಸಬಹುದಾದ ಸಿದ್ಧತೆ

ಬಟ್ಟೆಯ ವಿಷಯ ಕ್ಷುಲ್ಲಕವೆಂದು ಬಿಡಬೇಡಿ. ಹೊಸ ಬಟ್ಟೆ ತೊಟ್ಟು ಕೋಣೆಯ ಬಾಗಿಲು ಹಾಕಿಕೊಂಡು ಎರಡೂ ಕೈಗಳನ್ನು ಪೂರ್ತಿ ಮೇಲೆತ್ತಿ. ಅಂಗಿ ಹೊಟ್ಟೆಯಿಂದ ಮೇಲೆ ಸರಿಯಿತೇ ನೋಡಿ. ಮುಂದಕ್ಕೆ ಬಾಗಿ, ಕತ್ತಿನ ಬಳಿ ಜೋಲುತ್ತದೆಯೇ, ಸೊಂಟದ ಪಟ್ಟಿ ಹಿಂದೆ ಇಳಿಯುತ್ತದೆಯೇ ಗಮನಿಸಿ. ಪೂರ್ತಿ ಕುಕ್ಕರಗಾಲಲ್ಲಿ ಕುಳಿತು ಎದ್ದು, ನಿಂತಲ್ಲೇ ಹತ್ತು ಸಲ ಜಿಗಿಯಿರಿ. ಈ ಪರೀಕ್ಷೆಯಲ್ಲಿ ಗೆದ್ದ ಬಟ್ಟೆ ತೊಟ್ಟವರು ಹೊರಗೆ ಹೋದಾಗ ಅದನ್ನು ಎಳೆದು ಎಳೆದು ಸರಿಮಾಡಿಕೊಳ್ಳುವುದಿಲ್ಲ. ಹಾಗೆ ಎಳೆದುಕೊಳ್ಳುವ ಪ್ರತಿ ಸಲವೂ ಗಮನ ಮತ್ತೆ ಮೈಯ ಮೇಲೆಯೇ ಬಂದು ಕೂರುತ್ತದೆ. ಬೆವರಿನ ಕಲೆಯ ಚಿಂತೆಯಿದ್ದರೆ ಕಪ್ಪು, ಕಡುನೀಲಿ ಬಣ್ಣಗಳು ಒಳ್ಳೆಯವು, ಬೂದು ಬಣ್ಣದಲ್ಲಿ ಒದ್ದೆ ಎದ್ದು ಕಾಣುತ್ತದೆ. ಮಹಿಳೆಯರಿಗೆ ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ, ತೊಡೆ ಉಜ್ಜುವವರಿಗೆ ಮೊಣಕಾಲಿನವರೆಗೆ ಬರುವ ಬಿಗಿಯಾದ ಚಡ್ಡಿ, ಎಲ್ಲರಿಗೂ ಕಾಲಿಗೆ ಹಿತವಾದ ಶೂ. ಇಷ್ಟಾದರೆ ಸಾಕು.

ಚಲನೆಗಳನ್ನೂ ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಕುರ್ಚಿಯಿಂದ ಏಳುವುದು ಕೂರುವುದು ಸ್ಕ್ವಾಟ್‌ನ ಮೊದಲ ಪಾಠ; ಗೋಡೆಗೆ ಕೈಯೂರಿ ಮಾಡುವ ದಂಡ ಪುಷ್-ಅಪ್‌ನ ಮೊದಲ ಪಾಠ. ಝಯೋಂಕ್ ಹೇಳಿದ್ದರ ಪ್ರಯೋಜನ ಇಲ್ಲೇ ಇರುವುದು: ಮನೆಯಲ್ಲಿ ಕೈಕಾಲಿಗೆ ಒಗ್ಗಿದ ಎರಡು ಮೂರು ಚಲನೆಗಳನ್ನು ಮಾತ್ರ ಹೊರಗೆ ಒಯ್ದರೆ ಜನರೆದುರು ಅವು ಕೆಡುವ ಸಂಭವ ಕಡಿಮೆ. ಆದರೆ ಇದನ್ನೇ ನೆಪ ಮಾಡಿಕೊಂಡು ಮೊದಲು ಮನೆಯಲ್ಲಿ ಮೈ ಇಳಿಸಿ ಆಮೇಲೆ ಜಿಮ್ಮಿಗೆ ಹೋಗುತ್ತೇನೆ ಎಂದು ತಿಂಗಳುಗಟ್ಟಲೆ ಮುಂದೂಡುವುದು ಬೇಡ. ಒಂದೆರಡು ವಾರ ಸಾಕು.

ಎದೆನೋವು, ತಲೆಸುತ್ತು, ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕಾಣಬೇಕು.

ಮೂರನೆಯ ಹೆಜ್ಜೆ: ಜಾಗವನ್ನು ವ್ಯಾಯಾಮವಿಲ್ಲದೆ ನೋಡಿ ಬನ್ನಿ

ಎಲ್ಲಿ ಏನಿದೆ ಎಂದು ಗೊತ್ತಿಲ್ಲದೆ ಬಾಗಿಲಲ್ಲಿ ನಿಂತು ಅತ್ತಿತ್ತ ನೋಡುವ ಆ ಅರ್ಧ ನಿಮಿಷವೇ ಅನೇಕರಿಗೆ ಎಲ್ಲಕ್ಕಿಂತ ಕಷ್ಟದ್ದು. ಒಂದು ದಿನ ಬರೀ ನೋಡಲು ಹೋಗಿ. ಬಟ್ಟೆ ಬದಲಿಸುವ ಕೋಣೆ ಎಲ್ಲಿದೆ, ಲಾಕರಿಗೆ ಬೀಗ ನಾವೇ ತರಬೇಕೇ, ಕುಡಿಯುವ ನೀರು ಎಲ್ಲಿದೆ, ಒಳಗೆ ಬೇರೆ ಶೂ ಬೇಕೇ, ಜನ ಯಾವ ಹೊತ್ತಿನಲ್ಲಿ ಕಡಿಮೆ ಎಂದು ಕೇಳಿಕೊಳ್ಳಿ. ಕೆಲಸಕ್ಕೆ ಹೋಗುವ ಮುಂಚಿನ ಮತ್ತು ಬಿಟ್ಟ ನಂತರದ ಹೊತ್ತು ಸಾಮಾನ್ಯವಾಗಿ ಕಿಕ್ಕಿರಿದಿರುತ್ತದೆ. ಬೆಳಿಗ್ಗೆ ತಡವಾಗಿ, ಮಧ್ಯಾಹ್ನ ಅಥವಾ ರಾತ್ರಿ ಮುಚ್ಚುವ ಮೊದಲು ಜಾಗ ತೆರವಾಗಿರುತ್ತದೆ. ಸೇರಿದ ಮೇಲೆ ಟ್ರೇನರ್ ಒಬ್ಬರು ಉಪಕರಣಗಳನ್ನು ತೋರಿಸಿಕೊಡುವ ವ್ಯವಸ್ಥೆ ಬಹಳ ಕಡೆ ಇರುತ್ತದೆ, ಅದನ್ನು ಬೇಡ ಎನ್ನಬೇಡಿ.

ನಾಲ್ಕನೆಯ ಹೆಜ್ಜೆ: ಮೊದಲ ದಿನದ ಯೋಜನೆ

ಮೊದಲ ಭೇಟಿಯ ಗುರಿ ಹೋಗಿ ಬರುವುದು ಮಾತ್ರ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬೇಕಿಲ್ಲ. ಏನು ಮಾಡಬೇಕೆಂದು ಮೊಬೈಲಿನಲ್ಲಿ ಅಥವಾ ಚೀಟಿಯಲ್ಲಿ ಸಾಲುಸಾಲಾಗಿ ಬರೆದುಕೊಂಡು ಹೋಗಿ: ಐದು ನಿಮಿಷ ನಡಿಗೆ, ಕಾಲಿನ ಯಂತ್ರದಲ್ಲಿ ಎರಡು ಸೆಟ್, ಎದೆಯ ಯಂತ್ರದಲ್ಲಿ ಎರಡು ಸೆಟ್, ಐದು ನಿಮಿಷ ಸೈಕಲ್, ಮನೆ. ಕೈಯಲ್ಲಿ ಪಟ್ಟಿಯಿರುವವರು ನಡುವೆ ಸುಮ್ಮನೆ ನಿಂತು ಮುಂದೇನು ಎಂದು ತಡಕಾಡುವುದಿಲ್ಲ, ಸಂಕೋಚಕ್ಕೆ ಸಿಗುವ ಖಾಲಿ ಹೊತ್ತೂ ಕಡಿಮೆಯಾಗುತ್ತದೆ.

ಇದರ ಜೊತೆಗೆ ಅಡ್ಡಿಗಳಿಗೆ ಮೊದಲೇ ಉತ್ತರ ನಿರ್ಧರಿಸಿಡಿ. ಹೀಗಾದರೆ ಹೀಗೆ ಮಾಡುತ್ತೇನೆ ಎಂದು ಮುಂಚಿತವಾಗಿ ಜೋಡಿಸಿಟ್ಟ ನಿರ್ಧಾರಗಳು ಕಾರ್ಯರೂಪಕ್ಕೆ ಬರುವ ಸಂಭವ ಹೆಚ್ಚು ಎಂಬುದನ್ನು ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿಯ ಸಂಶೋಧನೆಗಳು ತೋರಿಸಿವೆ. ನನಗೆ ಬೇಕಾದ ಯಂತ್ರದಲ್ಲಿ ಬೇರೆಯವರಿದ್ದರೆ, ಪಟ್ಟಿಯ ಮುಂದಿನದಕ್ಕೆ ಹೋಗುತ್ತೇನೆ. ಯಂತ್ರ ಹೇಗೆ ಎಂದು ತಿಳಿಯದಿದ್ದರೆ, ಅದರ ಮೇಲೆ ಅಂಟಿಸಿದ ಚಿತ್ರ ನೋಡುತ್ತೇನೆ, ಆಗಲೂ ತಿಳಿಯದಿದ್ದರೆ ಟ್ರೇನರನ್ನು ಕೇಳುತ್ತೇನೆ. ಬಾಗಿಲ ಬಳಿ ಹೋಗಿ ಕಾಲು ಹಿಂದೆಗೆದರೆ, ಒಳಗೆ ಹೋಗಿ ಐದು ನಿಮಿಷ ಮಾತ್ರ ನಡೆದು ಬರುತ್ತೇನೆ.

ಐದನೆಯ ಹೆಜ್ಜೆ: ನಿಧಾನ

ಹೊಸಬರ ಮುಜುಗರದಲ್ಲಿ ದೊಡ್ಡ ಪಾಲು ವಿಪರೀತ ವೇಗದಿಂದ ಹುಟ್ಟುತ್ತದೆ. ಯಾರಾದರೂ ನೋಡುತ್ತಿದ್ದಾರೆ ಎನಿಸಿದ ಕೂಡಲೇ ಜೋರಾಗಿ ಓಡುತ್ತೇವೆ, ಎತ್ತಲಾಗದ ತೂಕಕ್ಕೆ ಕೈ ಹಾಕುತ್ತೇವೆ, ಒಂದೇ ನಿಮಿಷದಲ್ಲಿ ಬಾಯಿ ತೆರೆದು ಉಸಿರೆಳೆಯುತ್ತಾ ನಿಲ್ಲುತ್ತೇವೆ. ಈ ಆರಂಭಶೂರತನಕ್ಕೆ ಮದ್ದು ಸರಳವಾಗಿದೆ: ಓಡುವಾಗಲೂ ಬಿರುಸಾಗಿ ನಡೆಯುವಾಗಲೂ ಒಂದು ಪೂರ್ತಿ ವಾಕ್ಯ ಹೇಳಲು ಬರುವಷ್ಟು ಉಸಿರು ಉಳಿದಿರಬೇಕು. ಎರಡು ಪದಕ್ಕೊಮ್ಮೆ ಉಸಿರು ಕಟ್ಟಿದರೆ ನಿಧಾನ ಮಾಡಿ. ಒಂದು ನಿಮಿಷ ಮೆಲ್ಲನೆಯ ಜಾಗಿಂಗ್, ಎರಡು ನಿಮಿಷ ನಡಿಗೆ, ಹೀಗೆ ಆರೇಳು ಸುತ್ತು ಮೊದಲ ಕೆಲವು ವಾರಗಳಿಗೆ ಧಾರಾಳವಾಯಿತು. ನಡುನಡುವೆ ನಡೆಯುವುದು ಸೋಲಿನ ಗುರುತಲ್ಲ, ಅದು ತರಬೇತಿಯ ಅಂಗ. 1996ರಲ್ಲಿ ಜಾಷ್ ಕ್ಲಾರ್ಕ್ ರೂಪಿಸಿದ, ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಕೌಚ್ ಟು 5ಕೆ’ (ಸೋಫಾದಿಂದೆದ್ದು ಐದು ಕಿಲೋಮೀಟರ್ ಓಡುವವರೆಗೆ) ಎಂಬ ಒಂಬತ್ತು ವಾರಗಳ ಕ್ರಮವೂ ಶುರುವಾಗುವುದು ಓಟ ನಡಿಗೆಗಳ ಬೆರಕೆಯಿಂದಲೇ.

ಅಮೆರಿಕದ ಹೆಸರಾಂತ ಓಟದ ಕೋಚ್ ಬಿಲ್ ಬವರ್‌ಮನ್ 1962ರಲ್ಲಿ ನ್ಯೂಜಿಲೆಂಡಿಗೆ ಹೋಗಿ ಅಲ್ಲಿನ ಕೋಚ್ ಆರ್ಥರ್ ಲಿಡಿಯಾರ್ಡ್ ಅವರ ಜಾಗಿಂಗ್ ಗುಂಪಿನೊಂದಿಗೆ ಓಡಿದಾಗ, ಗುಂಪಿನ ವೇಗಕ್ಕೆ ಹೊಂದಿಕೊಳ್ಳಲಾಗದೆ ಹಿಂದೆ ಬಿದ್ದರು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಅವರ ಜೊತೆಗೆ ಉಳಿದು ಕರೆದುಕೊಂಡು ಬಂದರು. ಓಟವನ್ನು ಕಲಿಸುವುದೇ ಉದ್ಯೋಗವಾಗಿದ್ದವರು ತಮ್ಮ ದೇಹ ಎಲ್ಲಿದೆಯೋ ಅಲ್ಲಿಂದಲೇ ಶುರು ಮಾಡಿದರು, ಊರಿಗೆ ಮರಳಿ ಅದೇ ಅಭ್ಯಾಸವನ್ನು ತಮ್ಮ ದೇಶದಲ್ಲಿ ಹರಡಿದರು.

ಎಷ್ಟು ಮಾಡಬೇಕು ಎಂಬ ಪ್ರಶ್ನೆಗೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನೂ, ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಸೂಚಿಸುತ್ತದೆ. ಅಲ್ಲಿಗೆ ತಲುಪುವುದು ತಿಂಗಳುಗಳ ಮಾತು. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ.

ಆರನೆಯ ಹೆಜ್ಜೆ: ಗಮನವನ್ನು ಹೊರಗೆ ತಿರುಗಿಸುವ ಅಭ್ಯಾಸ

ಇಲ್ಲಿ ಸ್ವಲ್ಪ ನಿಲ್ಲೋಣ, ಉಳಿದೆಲ್ಲ ಹೆಜ್ಜೆಗಳಿಗೆ ಆಧಾರ ಇದೇ. ಜನರೆದುರಿನ ಆತಂಕದ ಬಗ್ಗೆ ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಕೊಟ್ಟ ವಿವರಣೆಯ ಮುಖ್ಯಾಂಶವೇನೆಂದರೆ, ಆತಂಕಗೊಂಡ ವ್ಯಕ್ತಿ ಸುತ್ತಲಿನವರನ್ನು ನೋಡುವುದನ್ನು ಬಿಟ್ಟು ತನ್ನನ್ನೇ ನೋಡಿಕೊಳ್ಳತೊಡಗುತ್ತಾನೆ. ಒಳಗಿನ ಅನಿಸಿಕೆಗಳಿಂದ ತನ್ನದೊಂದು ಚಿತ್ರ ಕಟ್ಟಿಕೊಂಡು, ಇತರರಿಗೂ ಅದೇ ಚಿತ್ರ ಕಾಣುತ್ತಿದೆ ಎಂದು ನಂಬುತ್ತಾನೆ. ನಿಜವಾಗಿ ಯಾರು ನೋಡುತ್ತಿದ್ದಾರೆ, ಯಾರು ನೋಡುತ್ತಿಲ್ಲ ಎಂದು ತಿಳಿಯುವ ಅವಕಾಶವೇ ಅವನಿಗೆ ಸಿಗುವುದಿಲ್ಲ. ತಲೆ ತಗ್ಗಿಸಿ ನೆಲ ನೋಡುತ್ತಾ ಓಡುವವರಿಗೆ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎನಿಸುವುದು ಈ ಕಾರಣಕ್ಕೆ. ತಲೆಯೆತ್ತಿ ನೋಡಿದರೆ ಒಬ್ಬರು ಫೋನಿನಲ್ಲಿ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಶೂ ದಾರ ಬಿಗಿಯುತ್ತಿರುತ್ತಾರೆ, ಮತ್ತೊಬ್ಬರು ಅಕಸ್ಮಾತ್ ಕಣ್ಣು ಸೇರಿಸಿ ತಾವೇ ಬೇರೆಡೆ ನೋಡುತ್ತಾರೆ.

ಗಮನ ಹೊರಗಿದ್ದರೆ ವ್ಯಾಯಾಮವೂ ಸುಧಾರಿಸುತ್ತದೆ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವ ಗೇಬ್ರಿಯೆಲೆ ವುಲ್ಫ್ ಮತ್ತು ಸಹೋದ್ಯೋಗಿಗಳು 1990ರ ದಶಕದ ಕೊನೆಯಿಂದ ನಡೆಸಿದ ಅನೇಕ ಪ್ರಯೋಗಗಳಲ್ಲಿ, ತನ್ನ ಕೈಕಾಲು ಹೇಗೆ ಚಲಿಸುತ್ತಿದೆ ಎಂದು ಗಮನಿಸಿದವರಿಗಿಂತ, ಆ ಚಲನೆ ಹೊರಗೆ ಉಂಟುಮಾಡುವ ಪರಿಣಾಮವನ್ನು ಗಮನಿಸಿದವರು ಚಲನೆಯನ್ನು ಚೆನ್ನಾಗಿ ಕಲಿತರು. ಆದ್ದರಿಂದ ಸ್ಕ್ವಾಟ್ ಮಾಡುವಾಗ ‘ನನ್ನ ಮಂಡಿ ಹೇಗಿದೆ’ ಎನ್ನುವ ಬದಲು ‘ನೆಲವನ್ನು ಕೆಳಗೆ ಒತ್ತುತ್ತಿದ್ದೇನೆ’ ಎಂದುಕೊಳ್ಳಿ; ಡಂಬೆಲ್ ಎತ್ತುವಾಗ ಅದು ಸೂರಿನ ಕಡೆಗೆ ನೇರವಾಗಿ ಹೋಗುತ್ತಿದೆಯೇ ನೋಡಿ; ಓಡುವಾಗ ಮುಂದಿನ ಮರವನ್ನು ಗುರಿ ಮಾಡಿ, ಅದು ಬಂದ ಮೇಲೆ ಅದರ ಮುಂದಿನದನ್ನು. ಸಂಕೋಚವನ್ನು ಇಳಿಸುವ ಮತ್ತು ಚಲನೆಯನ್ನು ತಿದ್ದುವ ಉಪಾಯ ಒಂದೇ ಆಗಿರುವುದು ಹೊಸಬರ ಭಾಗ್ಯವೆಂದೇ ಹೇಳಬೇಕು.

ಅಭ್ಯಾಸದ ಕ್ರಮ ಹೀಗಿರಲಿ. ಜಾಗಕ್ಕೆ ಹೋದೊಡನೆ ಸುತ್ತ ಕಾಣುವ ಐದು ವಸ್ತುಗಳನ್ನು, ಕೇಳುವ ಮೂರು ಸದ್ದುಗಳನ್ನು ಮನಸ್ಸಿನಲ್ಲೇ ಹೆಸರಿಸಿ. ಆಮೇಲೆ ಕೆಲಸಕ್ಕಿಳಿಯಿರಿ. ಮನಸ್ಸು ಮತ್ತೆ ಹೊಟ್ಟೆಯ ಮೇಲೋ ಬೆವರಿನ ಮೇಲೋ ಹೋದದ್ದು ಗೊತ್ತಾದಾಗ, ಅದನ್ನು ಬೈಯದೆ, ಎಣಿಕೆಗೆ ಅಥವಾ ಮುಂದಿನ ಮರಕ್ಕೆ ಮರಳಿಸಿ. ಒಂದೇ ಸುತ್ತಿನಲ್ಲಿ ಇಪ್ಪತ್ತು ಸಲ ಮರಳಿಸಬೇಕಾದರೂ ಪರವಾಗಿಲ್ಲ, ಹಾಗೆ ಮರಳಿಸುವುದೇ ಇಲ್ಲಿನ ಅಭ್ಯಾಸ.

ಕನ್ನಡಿಗಳ ಬಗ್ಗೆ ಒಂದು ಮಾತು. ಕನ್ನಡಿ ಮನುಷ್ಯನ ಗಮನವನ್ನು ತನ್ನ ಮೇಲೆ ತಿರುಗಿಸುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವ್ಯಾಯಾಮದ ರೂಢಿಯಿಲ್ಲದ ಯುವತಿಯರು ಕನ್ನಡಿಯೆದುರು ವ್ಯಾಯಾಮ ಮಾಡಿದಾಗ, ಕನ್ನಡಿಯಿಲ್ಲದೆ ಮಾಡಿದಾಗಿನದಕ್ಕಿಂತ ಅವರ ಮನಃಸ್ಥಿತಿ ಕೆಟ್ಟದಾಗಿತ್ತು. ಮೊದಲ ವಾರಗಳಲ್ಲಿ ಕನ್ನಡಿಗೆ ಪಕ್ಕ ಮಾಡಿ ನಿಲ್ಲಿ.

ಜಾಗಕ್ಕೆ ತಕ್ಕ ಕೆಲವು ಗುಟ್ಟುಗಳು

ಜಿಮ್ಮಿನಲ್ಲಿ ಹೊಸಬರೆಂದು ಗುರುತಾಗುವುದು ಕಡಿಮೆ ತೂಕ ಎತ್ತಿದ್ದಕ್ಕಲ್ಲ, ರೀತಿನೀತಿ ತಿಳಿಯದಿದ್ದಾಗ. ಅವು ಬೆರಳೆಣಿಕೆಯಷ್ಟಿವೆ: ಬಳಸಿದ ತೂಕವನ್ನು ಅದರ ಜಾಗಕ್ಕೇ ಮರಳಿಸುವುದು, ಬೆವರಾದ ಸೀಟನ್ನು ಒರೆಸುವುದು, ಸೆಟ್ಟುಗಳ ನಡುವೆ ಯಂತ್ರದ ಮೇಲೆ ಕುಳಿತು ಫೋನ್ ನೋಡುತ್ತಾ ಕಾಲ ಕಳೆಯದಿರುವುದು, ತೂಕ ಎತ್ತುತ್ತಿರುವವರ ಎದುರು ಹಾದುಹೋಗದಿರುವುದು. ಯಾರಾದರೂ ಬಳಸುತ್ತಿದ್ದರೆ ‘ಇನ್ನೂ ಎಷ್ಟು ಸೆಟ್ ಇದೆ?’ ಎಂದು ಕೇಳುವುದು ಸಹಜ, ಇದಕ್ಕೆ ಯಾರೂ ಬೇಸರಿಸುವುದಿಲ್ಲ. ಯಂತ್ರದ ಸೀಟಿನ ಎತ್ತರ ಮತ್ತು ತೂಕವನ್ನು ಆರಿಸುವ ಪಿನ್ ನಿಮಗೆ ಯಾವ ಸಂಖ್ಯೆಯಲ್ಲಿ ಸರಿಹೊಂದಿತು ಎಂದು ಬರೆದಿಟ್ಟುಕೊಂಡರೆ ಮುಂದಿನ ಸಲ ನೇರವಾಗಿ ಹೋಗಿ ಕೂರಬಹುದು. ದೊಡ್ಡ ಬಾರ್ಬೆಲ್ಲಿನ ಬರೀ ಸರಳೇ ಸಾಮಾನ್ಯವಾಗಿ 20 ಕಿಲೋ ಇರುತ್ತದೆ, ಆದ್ದರಿಂದ ಮೊದಲು ಡಂಬೆಲ್ ಮತ್ತು ಯಂತ್ರಗಳಲ್ಲಿ ಪಳಗುವುದು ಒಳ್ಳೆಯದು. ಟ್ರೆಡ್‌ಮಿಲ್ ಏರಿದರೆ ತುರ್ತಾಗಿ ನಿಲ್ಲಿಸುವ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಳ್ಳಿ.

ಗುಂಪು ತರಗತಿಗಳಲ್ಲಿ ಹೊಸಬರೆಲ್ಲ ಕೊನೆಯ ಸಾಲಿನ ಮೂಲೆ ಹುಡುಕುತ್ತಾರೆ. ಅಲ್ಲಿಂದ ಕಲಿಸುವವರು ಸರಿಯಾಗಿ ಕಾಣುವುದಿಲ್ಲ. ‘ಹಿಂದಕ್ಕೆ ತಿರುಗಿ’ ಎಂದರೆಂದರೆ ಕೊನೆಯ ಸಾಲು ಏಕಾಏಕಿ ಮೊದಲ ಸಾಲಾಗಿಬಿಡುತ್ತದೆ, ಅನುಕರಿಸಲು ಎದುರಿಗೆ ಯಾರೂ ಇರುವುದಿಲ್ಲ. ನಡುಸಾಲಿನ ಒಂದು ಬದಿ ಎಲ್ಲಕ್ಕಿಂತ ಅನುಕೂಲ. ಐದು ನಿಮಿಷ ಮೊದಲೇ ಹೋಗಿ, ನಾನು ಹೊಸಬ ಅಥವಾ ಹೊಸಬಳು ಎಂದು ಕಲಿಸುವವರಿಗೆ ಹೇಳಿ. ಓಟದ ಗುಂಪು ಸೇರುವವರ ದೊಡ್ಡ ಹೆದರಿಕೆ ಕೊನೆಯವರಾಗುವುದು. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಓಟಗಾರರಿಂದ ಆರಂಭವಾಗಿ ಹಲವು ದೇಶಗಳಿಗೆ ಹಬ್ಬಿದ ‘ಪಾರ್ಕ್‌ರನ್’ ಎಂಬ ಸಾಮೂಹಿಕ ಓಟ ಇದಕ್ಕೆ ಸೊಗಸಾದ ಉತ್ತರ ಕಂಡುಕೊಂಡಿದೆ: ಎಲ್ಲರ ಹಿಂದೆ ನಡೆದು ಬರಲೆಂದೇ ಒಬ್ಬ ಸ್ವಯಂಸೇವಕರಿರುತ್ತಾರೆ, ಹಾಗಾಗಿ ಪಾಲ್ಗೊಂಡವರು ಯಾರೂ ಕೊನೆಯವರಾಗುವುದಿಲ್ಲ.

ಪಾರ್ಕು, ರಸ್ತೆಗಳಲ್ಲಿ ಒಂದೇ ಜಾಗವನ್ನು ಒಂದೇ ಹೊತ್ತಿನಲ್ಲಿ ಬಳಸಿ. ಪ್ರತಿದಿನ ಬೇರೆ ದಾರಿ ಹಿಡಿದರೆ ಪ್ರತಿದಿನವೂ ಅಪರಿಚಿತರೇ ಎದುರಾಗುತ್ತಾರೆ. ಒಂದೇ ಕಡೆ ಹೋದರೆ ಎರಡು ಮೂರು ವಾರಗಳಲ್ಲಿ ಅದೇ ಮುಖಗಳು ಕಾಣಿಸಿ, ತಲೆಯಾಡಿಸುವಷ್ಟು ಪರಿಚಯವಾಗಿ, ನೀವು ಅಲ್ಲಿನವರೇ ಆಗುತ್ತೀರಿ. ಈಜುಕೊಳದಲ್ಲಿ ನಿಧಾನದ ಸಾಲು ಹಿಡಿಯಿರಿ, ದಣಿದಾಗ ಅಂಚಿನ ಮೂಲೆಗೆ ಸರಿದು ನಿಲ್ಲಿ. ನೀರಿಗಿಳಿದ ಮೇಲೆ ಮೈ ಅಷ್ಟಾಗಿ ಕಾಣುವುದಿಲ್ಲ, ಕಷ್ಟವಿರುವುದು ಬಟ್ಟೆ ಬದಲಿಸುವ ಕೋಣೆಯಿಂದ ನೀರಿನವರೆಗಿನ ಹತ್ತಿಪ್ಪತ್ತು ಹೆಜ್ಜೆಗಳಲ್ಲಿ. ಅಲ್ಲಿಗೆ ಟವೆಲ್ ಹೊದ್ದು ಹೋಗಿ ಅಂಚಿನಲ್ಲೇ ಇಟ್ಟರಾಯಿತು.

ಯಾರಾದರೂ ನಿಜವಾಗಿ ನಕ್ಕರೆ

ಅಪರೂಪವಾದರೂ ಇದು ನಡೆಯುತ್ತದೆ. ಮಹಿಳೆಯರಿಗೂ ದಪ್ಪ ಮೈಯವರಿಗೂ ಹೆಚ್ಚಾಗಿ ನಡೆಯುತ್ತದೆ. ಅಂಥ ಅನುಭವವಾದವರಿಗೆ ಅದು ಬರೀ ನಿಮ್ಮ ಕಲ್ಪನೆ ಎನ್ನುವುದು ಅನ್ಯಾಯ. ಹಾದುಹೋಗುವವರ ಕೊಂಕುಮಾತಿಗೆ ಉತ್ತರ ಕೊಡಬೇಕಾದ ಋಣ ನಿಮಗಿಲ್ಲ. ಓಟ ಮುಂದುವರಿಸಿ, ಗಮನವನ್ನು ಮುಂದಿನ ಗುರುತಿಗೆ ಕೊಡಿ. ಜಿಮ್ಮಿನಲ್ಲಿ ಯಾರಾದರೂ ನಿಮ್ಮನ್ನು ವಿಡಿಯೊ ಮಾಡುತ್ತಿದ್ದರೆ ‘ನನ್ನನ್ನು ಸೆರೆಹಿಡಿಯಬೇಡಿ, ಆಗಿದ್ದರೆ ಅಳಿಸಿಬಿಡಿ’ ಎಂದು ಗಟ್ಟಿಯಾಗಿ, ಚುಟುಕಾಗಿ ಹೇಳಿ. ಕೇಳದಿದ್ದರೆ ಮೇಲ್ವಿಚಾರಕರಿಗೆ ದೂರು ಕೊಡಿ. ಕೇಳದೆಯೇ ಬಂದು ತಿದ್ದುವವರಿಗೆ ‘ಧನ್ಯವಾದ, ಟ್ರೇನರ್ ಹೇಳಿದಂತೆ ಮಾಡುತ್ತಿದ್ದೇನೆ’ ಎಂದರೆ ಸಾಕು.

ಯಾರಾದರೂ ಹಿಂಬಾಲಿಸುತ್ತಿದ್ದಾರೆ, ದಾರಿಯಲ್ಲಿ ಬೆಳಕಿಲ್ಲ, ಜನಸಂಚಾರವಿಲ್ಲ ಎಂಬ ಭಯವನ್ನು ಸಂಕೋಚದ ಪಟ್ಟಿಗೆ ಸೇರಿಸಬೇಡಿ. ಅದು ಸುರಕ್ಷತೆಯ ಪ್ರಶ್ನೆ. ಅಂಥ ಜಾಗವನ್ನು ಬಿಟ್ಟುಬಿಡುವುದೇ ವಿವೇಕ.

ಮನೆಗೆ ಬಂದ ಮೇಲೆ

ಅಂದು ನಡೆದದ್ದನ್ನು ರಾತ್ರಿ ಮಲಗಿ ಮೆಲುಕು ಹಾಕುತ್ತಾ, ಯಾವನೋ ನೋಡಿದ ಒಂದು ನೋಟವನ್ನು ಹಿಗ್ಗಿಸಿ ಹಿಗ್ಗಿಸಿ ಅವಮಾನವಾಗಿಸಿಕೊಳ್ಳುವುದು ಮುಂದಿನ ಸಲದ ಅಳುಕಿಗೆ ಗೊಬ್ಬರ ಹಾಕಿದಂತೆ. ಇದನ್ನು ತಡೆಯಲು ಮನೆಗೆ ಬಂದ ಕೂಡಲೇ ಮೂರು ಸಾಲು ಬರೆಯಿರಿ: ಹೋಗುವ ಮುಂಚೆ ಏನಾಗುತ್ತದೆಂದು ಹೆದರಿದ್ದೆ, ನಿಜವಾಗಿ ಏನಾಯಿತು, ಅಳುಕಿನ ಅಂಕ ಆರಂಭದಲ್ಲಿ ಎಷ್ಟಿತ್ತು ಮತ್ತು ಕೊನೆಗೆ ಎಷ್ಟಾಯಿತು. ಮಾಡಿದ ವ್ಯಾಯಾಮವನ್ನೂ ಜೊತೆಗೆ ದಾಖಲಿಸಿ. ಕೆಲವು ವಾರಗಳ ನಂತರ ಈ ಪುಟಗಳನ್ನು ತಿರುವಿದಾಗ ಹೆದರಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರ ನಿಮ್ಮದೇ ಕೈಬರಹದಲ್ಲಿ ಕಾಣುತ್ತದೆ. ಬೇರೆಯವರ ಉಪದೇಶಕ್ಕಿಂತ ಅದನ್ನು ನಂಬುವುದು ಸುಲಭ.

ಕೊನೆಯ ಹೆಜ್ಜೆ: ಊರುಗೋಲುಗಳನ್ನು ಬಿಡುವುದು

ಟೋಪಿ ಕಣ್ಣಿನವರೆಗೆ ಎಳೆದುಕೊಳ್ಳುವುದು, ಸೆಕೆಯಲ್ಲೂ ದೊಗಲೆ ಜಾಕೆಟ್ ತೊಡುವುದು, ಕಿವಿಗೆ ಹೆಡ್‌ಫೋನ್ ಹಾಕಿ ಲೋಕವನ್ನೇ ಮುಚ್ಚಿಕೊಳ್ಳುವುದು, ಜನ ಬರುವ ಮೊದಲೇ ಮುಗಿಸಿ ಬರುವುದು, ಗೆಳೆಯರಿಲ್ಲದೆ ಹೋಗದಿರುವುದು: ಇವೆಲ್ಲ ಆರಂಭಕ್ಕೆ ನೆರವಾಗುತ್ತವೆ, ಆಗ ಬಳಸಿಕೊಳ್ಳಲು ಹಿಂಜರಿಯಬೇಡಿ. ಆದರೆ ಅವನ್ನೇ ಹಿಡಿದುಕೊಂಡರೆ, ಟೋಪಿಯಿದ್ದುದರಿಂದ ಬಚಾವಾದೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ, ಅಳುಕು ಟೋಪಿಯ ಕೆಳಗೆ ಹಾಗೆಯೇ ಉಳಿಯುತ್ತದೆ. ರೂಢಿ ನೆಲೆಗೊಂಡ ಮೇಲೆ ಒಂದೊಂದಾಗಿ ತೆಗೆಯಿರಿ. ಒಂದು ವಾರ ಜಾಕೆಟ್ ಬಿಟ್ಟು ಹೋಗಿ, ಇನ್ನೊಂದು ವಾರ ಹೆಡ್‌ಫೋನ್ ಇಲ್ಲದೆ, ಮತ್ತೊಂದು ವಾರ ಸ್ವಲ್ಪ ಜನವಿರುವ ಹೊತ್ತಿಗೆ. ಎರಡನ್ನು ಒಟ್ಟಿಗೆ ತೆಗೆಯಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಜ್ವರ, ಪ್ರಯಾಣ, ಕೆಲಸದ ಒತ್ತಡಗಳಿಂದ ಮೂರ್ನಾಲ್ಕು ವಾರ ತಪ್ಪಿಹೋದರೆ ಅಳುಕು ಒಂದಿಷ್ಟು ಮರುಕಳಿಸುವುದು ಸಹಜ. ಮೊದಲ ಮೆಟ್ಟಿಲಿಗೆ ಹೋಗಬೇಕಿಲ್ಲ; ಬಿಟ್ಟ ಜಾಗಕ್ಕಿಂತ ಎರಡು ಮೆಟ್ಟಿಲು ಕೆಳಗಿನಿಂದ ಶುರು ಮಾಡಿ, ತೂಕ ಮತ್ತು ದೂರವನ್ನೂ ಅದಕ್ಕೆ ತಕ್ಕಂತೆ ಇಳಿಸಿ. ಎರಡು ಮೂರು ತಿಂಗಳು ಹೀಗೆ ಪ್ರಯತ್ನಿಸಿದ ಮೇಲೂ ಅಂಕ ಇಳಿಯದೆ, ವ್ಯಾಯಾಮದ ಜಾಗ ಮಾತ್ರವಲ್ಲದೆ ಅಂಗಡಿ, ಕಚೇರಿ, ಸಮಾರಂಭಗಳಲ್ಲೂ ಜನರ ನೋಟಕ್ಕೆ ಹೆದರಿ ದೂರ ಉಳಿಯುವಂತಾಗಿದ್ದರೆ, ಅಥವಾ ಮೈ ಚಿಕ್ಕದಾಗಬೇಕೆಂಬ ಹಟದಲ್ಲಿ ಊಟ ಬಿಡುವಂತಾಗಿದ್ದರೆ, ಆಪ್ತಸಲಹೆಗಾರರನ್ನೋ ಮನೋವೈದ್ಯರನ್ನೋ ಕಾಣಿ. ಈ ಬಗೆಯ ಆತಂಕಕ್ಕೆ ಪರಿಣಾಮಕಾರಿ ಚಿಕಿತ್ಸೆಗಳಿವೆ. ಹೋಗುವಾಗ ನಿಮ್ಮ ಮೆಟ್ಟಿಲುಗಳ ಪಟ್ಟಿಯನ್ನೂ ಮೂರು ಸಾಲಿನ ಟಿಪ್ಪಣಿಗಳನ್ನೂ ಜೊತೆಗೆ ಒಯ್ದರೆ ಚಿಕಿತ್ಸೆಯ ಮೊದಲ ಕೆಲಸದಲ್ಲಿ ಬಹುಪಾಲು ಆಗಲೇ ಮುಗಿದಿರುತ್ತದೆ.